ಯಂತ್ರ ಓದದೆ ಬಿಟ್ಟ ಸಾಲುಗಳು

"ಅದೆಲ್ಲ ಸರಿ ನಿತೇಶ, ಇದು ನನ್ನ ಕಂಪ್ಯೂಟರಿನಲ್ಲಿ ಓದ್ತದಾ?"

ರತ್ನಾವತಿ ಕೇಳಿದ್ದು ಇಷ್ಟೇ. ಆದರೆ ಲೇಕ್ ಮಾರ್ಕೆಟಿನ ಪಕ್ಕದ ಆ ಮಹಡಿ ಕೋಣೆಯಲ್ಲಿ ಸೇರಿದ್ದ ಕನ್ನಡ ಸಂಘದ ಹನ್ನೆರಡು ಮಂದಿಯೂ ಗಡಿಯಾರ ನೋಡಿಕೊಂಡರು. ಯಾರೋ ಕುರ್ಚಿ ಎಳೆದ ಸದ್ದಾಯಿತು. ಎಪ್ಪತ್ತೆರಡರ ಈ ಹೆಂಗಸು ಬಾಯಿ ತೆರೆದರೆ ಸಭೆ ಇನ್ನರ್ಧ ಗಂಟೆ ಬೆಳೆಯುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಮಾತು ನಡೆದದ್ದು ಸಂಘದ ಹಳೆಯ ಪತ್ರಿಕೆ 'ಗಂಗಾತೀರ'ದ ಬಗ್ಗೆ. ಸುಮಾರು ಇಪ್ಪತ್ತು ವರ್ಷ, ಎರಡು ತಿಂಗಳಿಗೊಮ್ಮೆ, ಕಲ್ಕತ್ತೆಯ ಕನ್ನಡಿಗರ ಮನೆಗಳಿಗೆ ಹೋಗುತ್ತಿದ್ದ ಪತ್ರಿಕೆ ಅದು. ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದ ಬರೆದು, ಶಾಯಿ ಸವರಿ, ಪ್ರತಿ ತೆಗೆದು ಹೊಲಿದದ್ದು. ರತ್ನಾವತಿಯೇ ಅದರ ಸಂಪಾದಕಿ. ಫೇರ್ಲಿ ಪ್ಲೇಸಿನ ರೈಲ್ವೆ ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿ ಸೂಪರಿಂಟೆಂಡೆಂಟಾಗಿ ನಿವೃತ್ತಳಾದವಳು; ಮದುವೆಯಾಗಿರಲಿಲ್ಲ. ಎಂಟು ವರ್ಷದ ಹಿಂದೆ ಕಣ್ಣಿನ ಒತ್ತಡದ ಕಾಯಿಲೆಗೆ ಒಂದಾದ ಮೇಲೊಂದು ಎರಡೂ ಕಣ್ಣು ಹೋದವು. ಕುರುಡಿಯಾಗಿ ಕೂತು ಕೊರಗಲಿಲ್ಲ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೊಂದನ್ನು ಹಾಕಿಸಿಕೊಂಡು, ಕೀಲಿಮಣೆಯ ಮೇಲೆ ನಲವತ್ತು ವರ್ಷ ಓಡಾಡಿದ ಬೆರಳುಗಳನ್ನೇ ನೆಚ್ಚಿ, ಅಂತರ್ಜಾಲದಲ್ಲಿ ತನ್ನಷ್ಟಕ್ಕೆ ತಾನು ತಿರುಗಾಡಲು ಕಲಿತಳು. ಯಾವ ಪುಟ ಮಾತಾಡುತ್ತದೆ, ಯಾವುದು ಮೂಕವಾಗುತ್ತದೆ, ಯಾಕೆ ಮೂಕವಾಗುತ್ತದೆ ಎಂದು ಅವಳಿಗೆ ಸಂಘದ ಎಲ್ಲ ಎಂಜಿನಿಯರುಗಳಿಗಿಂತ ಹೆಚ್ಚು ಗೊತ್ತಿತ್ತು. ಅವರು ನೋಡಿ ಕಲಿತದ್ದನ್ನು ಅವಳು ಎಡವಿ ಕಲಿತಿದ್ದಳು.

ನಿತೇಶ್ ಸಂಘದ ಕಾರ್ಯದರ್ಶಿ. ಉಡುಪಿಯ ಕಡೆಯಿಂದ ಬಂದು ಭವಾನಿಪುರದಲ್ಲಿ ಹೋಟೆಲು ಇಟ್ಟ ಶೀನಣ್ಣನ ಮಗ, ಸೆಕ್ಟರ್ ಫೈವ್‌ನಲ್ಲಿ ಜಾಲತಾಣ ಕಟ್ಟುವ ಕೆಲಸ, ವಯಸ್ಸು ಮೂವತ್ತಾರು. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಆಡುತ್ತಿದ್ದ, ಓದುವಾಗ ಮಾತ್ರ ಒಂದೊಂದೇ ಅಕ್ಷರ ಕೂಡಿಸಬೇಕಿತ್ತು.

"ಆಂಟಿ, ಬೇಸಿಕಲಿ ಹೇಳ್ತೇನೆ," ಎಂದ ಅವನು. "ನಮ್ಮ ಪತ್ರಿಕೆಯಲ್ಲಿ ಕನ್ನಡ ಉಂಟು, ತುಳು ಉಂಟು, ನಡುನಡುವೆ ಬಂಗಾಳಿ ಲಿಪೀನೂ ಉಂಟು. ಹಳೇ ಪದ್ಧತಿಯಲ್ಲಾದ್ರೆ ಒಂದೊಂದು ಸಾಲಿಗೂ ಕೈಯಾರೆ ಗುರುತು ಹಾಕ್ಬೇಕು. ಇದು ಕನ್ನಡ, ಇದು ಬಂಗಾಳಿ ಅಂತ. ಹೀಗೆ ಮಿಕ್ಸ್ ಆದದ್ದೇ ಮುನ್ನೂರ ನಲವತ್ತು ಪುಟ! ಈಗ ಹೊಸ ಸ್ಟ್ಯಾಂಡರ್ಡ್ ಬಂದಿದೆ. ಒಂದೇ ಟ್ಯಾಗ್, ಅಂದ್ರೆ ಒಂದೇ ಗುರುತು. ಲೇಖನಕ್ಕೆ ಹೊರಗಿಂದ ಒಮ್ಮೆ ಸುತ್ತಿದ್ರೆ ಸಾಕು, ಒಳಗೆ ಯಾವ ಭಾಷೆ, ಎಲ್ಲಿ ನಿಲ್ಲಿಸ್ಬೇಕು, ಹೇಗೆ ಉಚ್ಚಾರ, ಎಲ್ಲ ಬ್ರೌಸರೇ ನೋಡಿಕೊಳ್ತದೆ."

"ಯಾವ ಬ್ರೌಸರ್?"

"ಎಲ್ಲ ದೊಡ್ಡ ಬ್ರೌಸರಿನವರೂ ಒಪ್ಪಿದ್ದಾರೆ."

"ಒಪ್ಪಿದ್ದಾರಾ, ಹಾಕಿದ್ದಾರಾ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಿತೇಶ್ ತಡವರಿಸಿದ. "ಒಬ್ಬರು ಟೆಸ್ಟ್ ವರ್ಷನ್ನಲ್ಲಿ ಹಾಕಿದ್ದಾರೆ. ಉಳಿದವರು ಮುಂದಿನ ವರ್ಷ."

"ನೋಡು ಮಾರಾಯ, ನಾನು ಎಂಟು ವರ್ಷದಲ್ಲಿ ಇಂಥ ನಾಲ್ಕು 'ಮುಂದಿನ ವರ್ಷ' ಕೇಳಿದ್ದೇನೆ. ಕಣ್ಣಿದ್ದವರಿಗೆ ಅದು ಬಾರದಿದ್ದರೆ ಪುಟ ಸ್ವಲ್ಪ ಚಂದ ಕಾಣುವುದಿಲ್ಲ, ಅಷ್ಟೇ. ನನಗೆ ಬಾರದಿದ್ದರೆ ಅಲ್ಲಿ ಏನೋ ಇತ್ತು ಅಂತಲೇ ಗೊತ್ತಾಗುವುದಿಲ್ಲ. ಹಳೇ ಗುರುತೇ ಹಾಕು. ಅದು ಎಲ್ಲದರಲ್ಲೂ ನಡೀತದೆ."

ನಿತೇಶ್ ವಾದಕ್ಕಿಳಿಯಲಿಲ್ಲ. "ಒಮ್ಮೆ ಕೇಳಿ ಆಂಟಿ," ಎಂದು ಆ ಟೆಸ್ಟ್ ವರ್ಷನ್ ಇದ್ದ ತನ್ನ ಲ್ಯಾಪ್‌ಟಾಪನ್ನು ಅವಳ ಮುಂದೆ ತಂದಿಟ್ಟ.

ಅವನು ಹಾಕಿದ್ದು ವಸಂತಾ ಬರೆದ ಒಂದು ಹಳೆಯ ಪ್ರಬಂಧ, ಮೀನು ಮಾರುವವನ ಜೊತೆ ಶಾಕಾಹಾರಿಯೊಬ್ಬಳ ಜಗಳದ್ದು. ಕನ್ನಡದ ದನಿ ನಿಧಾನವಾಗಿ ಓದುತ್ತಾ ಬಂತು. ವಾಕ್ಯದ ಕೊನೆಯಲ್ಲಿ, ಉಸಿರು ತೆಗೆದುಕೊಳ್ಳುವವರಂತೆ, ಚೂರು ನಿಂತಿತು. ಆಮೇಲೆ ಬೇರೆಯೇ ದನಿಯೊಂದು ಅಚ್ಚ ಬಂಗಾಳಿಯಲ್ಲಿ "ಟಾಟ್ಕಾ ಮಾಛ್, ದಿದಿ!" ಎಂದು ಕೂಗಿತು, ತಾಜಾ ಮೀನು ಅಕ್ಕಾ ಅಂತ; ಮತ್ತೆ ಕನ್ನಡ ಮುಂದುವರಿಯಿತು.

ರತ್ನಾವತಿಯ ಕೈ ಮೇಜಿನ ಅಂಚನ್ನು ಹಿಡಿಯಿತು. ವಸಂತಾ ಓದುತ್ತಿದ್ದದ್ದು ಹೀಗೆಯೇ. ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಕೂಗು ಕೂಗಿ, ತಾನೇ ಮೊದಲು ನಗುತ್ತಿದ್ದಳು. ವಸಂತಾ ಸತ್ತು ಆರು ವರ್ಷವಾಗಿತ್ತು.

"ಹೇಗಿದೆ ಆಂಟಿ?"

"ಹಾಕು," ಎಂದಳು ರತ್ನಾವತಿ. ಅವಳ ಸಂಶಯ ಹಾಗೆಯೇ ಇತ್ತು. ಆದರೂ ಬಾಯಿಂದ ಬಂದದ್ದು ಆ ಮಾತು.

ಸಭೆ ಮುಗಿದ ಮೇಲೆ ಅವಳನ್ನು ಕೈಹಿಡಿದು ಮೆಟ್ಟಿಲಿಳಿಸುವಾಗ ನಿತೇಶ್ ಇನ್ನೊಂದು ವಿಷಯ ಹೇಳಿದ. ವಸಂತಾರ ಮಗಳು ಪ್ರತೀಕ್ಷಾ ವಿಶಾಖಪಟ್ಟಣದಿಂದ ತಾಯಿಯ ನೋಟ್‌ಬುಕ್ಕುಗಳನ್ನು ಕಳಿಸಿದ್ದಳು. ಎಲ್ಲವನ್ನೂ ಟೈಪಿಂಗಿನವರಿಗೆ ಕೊಟ್ಟು ಅಕ್ಷರಕ್ಕಿಳಿಸಿಯಾಗಿತ್ತು. "ಒಂದು ಲೇಖನ ಪತ್ರಿಕೆಯಲ್ಲಿ ಬಂದೇ ಇಲ್ಲ ಆಂಟಿ. ಮೇಲೆ ಕೆಂಪು ಪೆನ್ನಲ್ಲಿ 'ಬೇಡ' ಅಂತಿದೆ. ನಿಮ್ಮ ಅಕ್ಷರ ಅಂತ ಪಪ್ಪ ಹೇಳಿದ್ರು. ಸೈಟಿಗೆ ಹಾಕ್ಲಾ? ನೀವು ಎಡಿಟರ್, ನೀವೇ ಹೇಳ್ಬೇಕು."

"ಹೆಸರೇನು?"

"ಲ... ಲಾಂಚ್. 'ಲಾಂಚ್' ಅಂತ."

ರತ್ನಾವತಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು. "ಯಾರಿಗೂ ತೋರಿಸಬೇಡ. ನನಗೊಂದು ಕಳಿಸು. ನಾನು ಓದುತ್ತೇನೆ."

"ಈಗಲೇ ಬೇಕಾದ್ರೆ ನಾನು ಓದ್ತೇನೆ ಆಂಟಿ, ಕನ್ನಡ ಸ್ಲೋ ಆದ್ರೂ..."

"ಬೇಡ. ನೀನು ಓದಿದರೆ ಅದು ನಿನ್ನ ಓದು. ನನಗೆ ನನ್ನದು ಬೇಕು."

ವಸಂತಾ ಧಾರವಾಡದವಳು. ಗಂಡನಿಗೆ ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಕೆಲಸ. ಎಂಬತ್ತರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಈ ಊರಿಗೆ ಬಂದಳು. ಸಂಘದ ಯುಗಾದಿ ಊಟದಲ್ಲಿ ರತ್ನಾವತಿಯ ಎಲೆಯ ಪಕ್ಕದ ಎಲೆಗೆ ಕೂತು, "ನಿಮ್ಮ ಪತ್ರಿಕೀ ಅಕ್ಷರ ಭಾಳ ಕೆಟ್ಟದಾವ್ರೀ, ನಾ ಬರದ ಕೊಡ್ಲೇನು?" ಎಂದು ಕೇಳಿದವಳು. ಮುಂದಿನ ಸಂಚಿಕೆಯಿಂದ ಸ್ಟೆನ್ಸಿಲ್ ಮೇಲೆ ಅಕ್ಷರ ಕೊರೆಯುವುದು ಅವಳದೇ ಕೆಲಸವಾಯಿತು. ಆಮೇಲೆ ಬರೆಯತೊಡಗಿದಳು. ಶುಕ್ರವಾರ ಸಂಜೆ ಬಸ್ಸು ಹಿಡಿದು ಫೇರ್ಲಿ ಘಾಟಿಗೆ ಬರುವಳು. ರತ್ನಾವತಿ ಕಚೇರಿ ಬಿಟ್ಟು ಬಂದು ಸೇರಿಕೊಳ್ಳುವಳು. ಇಬ್ಬರೂ ನದಿ ದಾಟಿ ಹೌರಾಕ್ಕೆ ಹೋಗುವ ಲಾಂಚು ಹತ್ತಿ, ಆ ದಡದಲ್ಲಿ ಇಳಿಯದೆ ಅದರಲ್ಲೇ ವಾಪಸಾಗಿ, ಮತ್ತೆ ಹೋಗಿ, ಮೊಣಕಾಲ ಮೇಲೆ ಹಾಳೆಗಳನ್ನಿಟ್ಟುಕೊಂಡು ಕರಡು ತಿದ್ದುವರು. ಮೊದಲ ವರ್ಷವೇ 'ನೀವು' ಹೋಗಿ 'ನೀ' ಬಂತು. ಹದಿನಾರು ವರ್ಷ ಹಾಗೇ ನಡೆಯಿತು.

ತೊಂಬತ್ತಾರರಲ್ಲಿ ವಸಂತಾ 'ಲಾಂಚ್' ಬರೆದು ತಂದಳು. ಅದು ಆ ಶುಕ್ರವಾರಗಳದ್ದೇ ಕಥೆ. ಯಾರ ಹೆಸರೂ ಇರಲಿಲ್ಲ, ಆದರೆ ಓದಿದವರಿಗೆ ಇಬ್ಬರು ಹೆಂಗಸರು ಯಾರೆಂದು ತಿಳಿಯದಿರುವಂತಿರಲಿಲ್ಲ. ಆ ಬರಹದಲ್ಲಿ ಒಂದು ಬಿಸಿ ಇತ್ತು. ಅದನ್ನು ಓದುತ್ತಾ ಹೋದಂತೆ ರತ್ನಾವತಿಗೆ ಕಿವಿಯ ತುದಿ ಸುಡತೊಡಗಿತು. ಜೊತೆಗೆ ಆರು ಕಡೆ ಬಂಗಾಳಿ ಲಿಪಿಯ ಸಾಲುಗಳು. ರತ್ನಾವತಿಗೆ ಬಂಗಾಳಿ ಆಡಲು ಬರುತ್ತಿತ್ತು, ಲಿಪಿ ಕಲಿತಿರಲಿಲ್ಲ. ಅದು ವಸಂತಾಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಲೇಖನಗಳಲ್ಲಿ ಅಂಥ ಸಾಲು ಬಂದರೆ ತಾನೇ ಓದಿ ಹೇಳುವಳು. ಅಂದು ಹೇಳಲಿಲ್ಲ. ನದಿಯ ಕಡೆ ಮುಖ ಮಾಡಿ ಕೂತಿದ್ದಳು. ಏನೆಂದು ಕೇಳಬೇಕಿತ್ತು, ರತ್ನಾವತಿ ಕೇಳಲಿಲ್ಲ. ಮುಂದಿನ ಶುಕ್ರವಾರ ಲೇಖನದ ಮೇಲೆ 'ಬೇಡ' ಎಂದು ಬರೆದು ಮರಳಿಸಿದಳು.

"ಯಾಕ?" ಎಂದು ಕೇಳಿದಳು ವಸಂತಾ.

"ಇಷ್ಟು ಬಂಗಾಳಿ ಅಕ್ಷರ ಸ್ಟೆನ್ಸಿಲಿನಲ್ಲಿ ಸರಿಯಾಗಿ ಬರುವುದಿಲ್ಲ."

ಸ್ಟೆನ್ಸಿಲ್ ಕೊರೆಯುತ್ತಿದ್ದವಳ ಎದುರಿಗೇ ಆಡಿದ ಸುಳ್ಳು! ಮೀನಿನವನ ಕೂಗನ್ನು ಅದೇ ಕೈ ಬಂಗಾಳಿ ಲಿಪಿಯಲ್ಲಿ ಕೊರೆದಿತ್ತು. ವಸಂತಾ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. "ಆತು ಬಿಡ್ರಿ," ಎಂದಳು. ಹದಿನಾರು ವರ್ಷ 'ಬಿಡ' ಎಂದವಳ ಬಾಯಲ್ಲಿ 'ಬಿಡ್ರಿ'. ಅದಾದ ಮೇಲೂ ಪತ್ರಿಕೆ ನಡೆಯಿತು, ಶುಕ್ರವಾರಗಳು ಮಾತ್ರ ಮೊದಲು ತಿಂಗಳಿಗೆರಡಾಗಿ, ಆಮೇಲೆ ಒಂದಾದವು. ಎರಡು ವರ್ಷಕ್ಕೆ ಗಂಡನಿಗೆ ವಿಶಾಖಪಟ್ಟಣದಲ್ಲಿ ಬೇರೆ ಕೆಲಸವಾಗಿ ವಸಂತಾ ಹೊರಟುಹೋದಳು. ಸ್ಟೆನ್ಸಿಲ್ ಕೊರೆಯುವವರಿಲ್ಲವೆಂದು ರತ್ನಾವತಿ ಪತ್ರಿಕೆ ನಿಲ್ಲಿಸಿದಳು. ಜನ ಅದನ್ನು ನಂಬಿದರು.

ಆರು ಸಾಲುಗಳಲ್ಲಿ ಏನಿತ್ತು? ಕಚೇರಿ ತುಂಬ ಬಂಗಾಳಿಗಳು. ಪಕ್ಕದ ಮೇಜಿನ ಬಸು ಬಾಬುಗೆ ತೋರಿಸಿದ್ದರೆ ಒಂದು ನಿಮಿಷದ ಕೆಲಸವಿತ್ತು. ಆದರೆ ಬಸು ಬಾಬು ಅದನ್ನು ಗಟ್ಟಿಯಾಗಿ ಓದಿಬಿಟ್ಟರೆ? ಆ ಹೆದರಿಕೆ ಇಪ್ಪತ್ತೊಂಬತ್ತು ವರ್ಷ ಬಾಳಿತು. ಕಣ್ಣಿದ್ದಾಗ ಆ ಲಿಪಿಯನ್ನು ಕಲಿಯಬಹುದಿತ್ತಲ್ಲ ಎಂಬ ಯೋಚನೆ ಕಣ್ಣು ಹೋದ ಮೇಲೆ ಬಂತು.

ರಾಜ್ಯೋತ್ಸವದ ದಿನ 'ಗಂಗಾತೀರ' ಜಾಲತಾಣ ತೆರೆಯಿತು. ಹಿಂದಿನ ದಿನವೇ ನಿತೇಶ್ 'ಲಾಂಚ್' ಪುಟದ ಗುಪ್ತ ಕೊಂಡಿಯನ್ನು ಅವಳಿಗೆ ಕಳಿಸಿದ್ದ. ಕೆಲಸದ ಹೆಂಗಸು ಪಾತ್ರೆ ತೊಳೆದು ಹೋದ ಮೇಲೆ, ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೊಣಕೈಗೆ ತಾಗುತ್ತಿದ್ದಾಗ, ರತ್ನಾವತಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಳು.

ಕನ್ನಡದ ದನಿ ಓದಿತು. 'ನಾವು ಹತ್ತಿದ ಕೂಡಲೇ ಹಗ್ಗ ಬಿಚ್ಚುವವನು ಕೂಗುತ್ತಾನೆ.' ಮುಂದೆ ಏನೂ ಇಲ್ಲ. ತಕ್ಷಣ ಮುಂದಿನ ವಾಕ್ಯ, 'ಅವಳು ನಕ್ಕು ಸೆರಗು ಎಳೆದುಕೊಳ್ಳುತ್ತಾಳೆ.' ಏನು ಕೂಗಿದ? ಯಾಕೆ ನಕ್ಕಳು? ರತ್ನಾವತಿ ಹಿಂದೆ ಹೋದಳು, ಒಂದೊಂದೇ ಅಕ್ಷರಕ್ಕೆ ಬಾಣದ ಕೀಲಿ ಒತ್ತಿದಳು. ಯಂತ್ರ ಮಾತಾಡಲಿಲ್ಲ. ಆರೂ ಕಡೆ ಹಾಗೆಯೇ. ಅಕ್ಷರಗಳು ಅಲ್ಲೇ ಇದ್ದವು; ಅವು ಬಂಗಾಳಿಯೆಂದು ಯಂತ್ರಕ್ಕೆ ಹೇಳುವವರಿರಲಿಲ್ಲ. ಹೊಸ ಟ್ಯಾಗ್ ಅವಳ ಬ್ರೌಸರಿಗೆ ಅರ್ಥವಾಗಿರಲಿಲ್ಲ.

ಕೊನೆಯ ಖಾಲಿ ಜಾಗದ ಹಿಂದಿನ ಕನ್ನಡ ವಾಕ್ಯ ಹೀಗಿತ್ತು: 'ನಾನು ಅವಳಿಗೆ ಇದನ್ನು ಯಾವತ್ತೂ ಹೇಳಿಲ್ಲ.' ಅದರ ನಂತರ ನಿಶ್ಶಬ್ದ. ಲೇಖನ ಮುಗಿಯಿತು.

ಅವಳು ಅದನ್ನು ಹನ್ನೊಂದು ಸಲ ಕೇಳಿದಳು. ಆಮೇಲೆ ನಿತೇಶನಿಗೆ ಫೋನ್ ಮಾಡಿದಳು.

"ನಿಮ್ಮ ಬ್ರೌಸರ್ ಹಳೇದು ಆಂಟಿ. ಡೋಂಟ್ ವರಿ, ಶನಿವಾರ ನನ್ನ ಲ್ಯಾಪ್‌ಟಾಪ್ ತರ್ತೇನೆ. ಇಯರ್‌ಫೋನ್ ಹಾಕಿ ನೀವೊಬ್ರೇ ಕೇಳಿ."

ಆ ಮೂರು ದಿನ ಅವಳು ರೇಡಿಯೋ ಹಾಕಲಿಲ್ಲ. ಬಂದವರೊಡನೆ ಮಾತೂ ಕಡಿಮೆ.

ಶನಿವಾರ ನಿತೇಶ್ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಕೂರಲು ಹೊತ್ತು ಮಾಡಿದ್ದರಿಂದಲೇ ಅವಳಿಗೆ ಅರ್ಥವಾಯಿತು.

"ನಿನ್ನದರಲ್ಲೂ ಹೋಯ್ತಾ?"

"ಹೌದು ಆಂಟಿ." ಅವನ ದನಿ ಕುಗ್ಗಿತ್ತು. "ಮೊನ್ನೆ ಅಪ್‌ಡೇಟ್ ಬಂತು. ಟೆಸ್ಟ್ ಅಂತ ಹಾಕಿದ್ದನ್ನ ಅವರು ವಾಪಸ್ ತಗೊಂಡಿದ್ದಾರೆ. ಸ್ಟ್ಯಾಂಡರ್ಡಿನ ಕರಡು ಮತ್ತೆ ಬದಲಾಗ್ತದಂತೆ. ಮುಂದಿನ..." ಅವನು ಪೂರ್ತಿ ಮಾಡಲಿಲ್ಲ.

"ಮುಂದಿನ ವರ್ಷ," ಎಂದಳು ರತ್ನಾವತಿ.

"ಸಾರಿ ಆಂಟಿ. ನೀವು ಮೊದಲೇ ಹೇಳಿದ್ರಿ."

"ನಾನು ಹೇಳಿದ್ದೆ, ನಾನೇ ಒಪ್ಪಿದ್ದೆ. ಅದಿರಲಿ." ಗೆದ್ದೆನೆಂಬ ಭಾವನೆ ಅವಳಿಗೆ ಒಂದಿಷ್ಟೂ ಬರಲಿಲ್ಲ. ತನ್ನ ಸಂಶಯ ಸುಳ್ಳಾಗಲಿ ಎಂದು ಜೀವನದಲ್ಲಿ ಒಮ್ಮೆ ಬಯಸಿದ್ದಳು, ಅದೂ ಆಗಲಿಲ್ಲ.

ನಿತೇಶ್ ಮೆಲ್ಲಗೆ, "ಆಂಟಿ, ಕನ್ನಡ ನಾನು ಓದಿಲ್ಲ. ಪ್ರಾಮಿಸ್. ಆದ್ರೆ ಬಂಗಾಳಿ... ಚೆಕ್ ಮಾಡುವಾಗ ಕಣ್ಣಿಗೆ ಬಿತ್ತು. ಬೇಕಿದ್ರೆ ನಾನು ಈಗಲೇ..." ಎಂದ.

"ಹೇಳಬೇಡ!"

ಕೂಗಿಬಿಟ್ಟಿದ್ದಳು. ಕೆಳಗಿನ ಬೀದಿಯಲ್ಲಿ ಹೋಗುತ್ತಿದ್ದ ರಿಕ್ಷಾದ ಗಂಟೆ ಕೇಳಿಸಿತು. ಅವಳು ದನಿ ಇಳಿಸಿದಳು. "ಬೇಸರ ಮಾಡಬೇಡ ಮಾರಾಯ. ಅದು ನನಗೆ ಬರೆದದ್ದು. ಇನ್ನೊಬ್ಬರ ಬಾಯಲ್ಲಿ ಕೇಳಬಾರದು ಅಂತಲೇ ಇಷ್ಟು ವರ್ಷ ಕಾದದ್ದು. ಆ ಹಳೇ ಗುರುತು ಉಂಟಲ್ಲ, ಭಾಷೆಯದ್ದು, ಅದನ್ನು ಹಾಕುವುದು ನನಗೆ ಹೇಳಿಕೊಡು."

"ನೀವೇ ಹಾಕ್ತೀರಾ? ಅದು ಕೋಡ್, ಆಂಟಿ."

"ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದೆ ನಾನು. ಒಂದು ಪುಟ, ಆರು ಜಾಗ. ಏನು ಮಹಾ!"

ಅವನು ಅವಳ ಕಂಪ್ಯೂಟರಿಗೆ ಬಂಗಾಳಿ ದನಿಯನ್ನು ಇಳಿಸಿದ. "ಈಗ ದನಿ ಬದಲಿಸಿದ್ರೆ ಆ ಸಾಲುಗಳು ಮಾತ್ರ ಹಾಗೇ ಕೇಳ್ತವೆ ಆಂಟಿ, ಕೋಡ್ ಯಾಕೆ?" ಎಂದೂ ಹೇಳಿದ.

"ಹಾಗೆ ಹೆಕ್ಕಿ ಕೇಳುವುದು ಬೇಡ. ಅವಳು ಎಲ್ಲಿ ಬರೆದಿದ್ದಾಳೋ ಅಲ್ಲಿಯೇ ಬರಲಿ."

ಅವನು ಹೇಳಿಕೊಟ್ಟ. ಸಾಲಿನ ಮುಂದೆ ಕೋನದ ಆವರಣ ತೆರೆಯಬೇಕು, ಭಾಷೆ ಎಂಬ ಗುಣಕ್ಕೆ ಬಂಗಾಳಿಯ ಎರಡು ಅಕ್ಷರ ಕೊಡಬೇಕು, ಆವರಣ ಮುಚ್ಚಬೇಕು. ಸಾಲು ಮುಗಿದ ಮೇಲೆ ಇನ್ನೊಂದು ಮುಚ್ಚುವ ಗುರುತು. ಇಪ್ಪತ್ತೈದು ವರ್ಷ ಹಳೆಯ ಪದ್ಧತಿ, ಸುದ್ದಿಯಲ್ಲಿಲ್ಲದ್ದು, ಎಲ್ಲ ಕಡೆ ನಡೆಯುವಂಥದ್ದು. ಒಮ್ಮೆ ಅವಳ ಕೈಯಲ್ಲಿ ಖಾಲಿ ಪುಟದ ಮೇಲೆ ಬರೆಸಿ ನೋಡಿದ. ತಪ್ಪಿರಲಿಲ್ಲ.

"ಇನ್ನು ನೀನು ಹೊರಡು," ಎಂದಳು. "ಸಂಜೆ ಫೋನ್ ಮಾಡುತ್ತೇನೆ."

ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಅವಳು ಕೆಲಸ ಶುರು ಮಾಡಿದಳು. ಕನ್ನಡದ ದನಿ ಅಕ್ಷರ ಅಕ್ಷರವಾಗಿ ಹೇಳುತ್ತಾ ಬರುವುದು, ಒಂದು ಕಡೆ ತಟ್ಟನೆ ಮೂಕವಾಗುವುದು. ಅಲ್ಲಿ ಬೆರಳು ನಿಲ್ಲಿಸಿ ಗುರುತು ತೆರೆಯುವಳು. ಬಾಣದ ಕೀಲಿ ಒತ್ತುತ್ತಾ ಮೂಕ ಅಕ್ಷರಗಳನ್ನು ಎಣಿಸುವಳು. ಮತ್ತೆ ಕನ್ನಡ ಕೇಳಿದಲ್ಲಿ ಒಂದು ಹೆಜ್ಜೆ ಹಿಂದೆ ಬಂದು ಗುರುತು ಮುಚ್ಚುವಳು. ಮೊದಲನೆಯದು ಹದಿನೇಳು ಅಕ್ಷರ. ಎರಡನೆಯದು ಬರೀ ಎಂಟು. ನಾಲ್ಕನೆಯದರಲ್ಲಿ ಮುಚ್ಚುವ ಗುರುತು ತಪ್ಪು ಜಾಗಕ್ಕೆ ಬಿದ್ದು ಅಳಿಸಿ ಮತ್ತೆ ಬರೆಯಬೇಕಾಯಿತು. ಆರನೆಯದಕ್ಕೆ ಬರುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ಉಳಿಸಿದಳು. ಎದ್ದು ನೀರು ಕುಡಿದಳು. ದೇವರ ಗೂಡಿನ ತನಕ ಹೋಗಿ, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ವಾಪಸು ಬಂದು ಕೂತಳು.

'ನಾವು ಹತ್ತಿದ ಕೂಡಲೇ ಹಗ್ಗ ಬಿಚ್ಚುವವನು ಕೂಗುತ್ತಾನೆ.' ಕೂಡಲೇ ಬೇರೆ ದನಿ, "ಆಸ್ತೇ ಆಸ್ತೇ, ಲೇಡೀಸ್ ಆಛೇ!" ರತ್ನಾವತಿಗೆ ನಗು ಬಂತು. ಮೆಲ್ಲಗೆ, ಹೆಂಗಸರಿದ್ದಾರೆ. ಹೌದು, ಹಾಗೆಯೇ ಕೂಗುತ್ತಿದ್ದ, ಚೂಪು ಗಡ್ಡದವನು. ಎರಡನೆಯದು ಬಿಸಿ ಚಹಾದ ಕೂಗು. ಮೂರನೆಯದು ಚಿಲ್ಲರೆ ಕೊಡಿ ಎನ್ನುವ ಟಿಕೆಟಿನವನು. ನಾಲ್ಕು, ಐದೂ ಹಾಗೆಯೇ, ಲಾಂಚಿನಲ್ಲಿ ಕೇಳುವ ಊರ ಮಾತು. ಇಷ್ಟಕ್ಕೇ ಹೆದರಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಸು ಬಾಬು ಗಟ್ಟಿಯಾಗಿ ಓದಿದ್ದರೂ ಏನಾಗುತ್ತಿತ್ತು?

'ನಾನು ಅವಳಿಗೆ ಇದನ್ನು ಯಾವತ್ತೂ ಹೇಳಿಲ್ಲ,' ಎಂದಿತು ಕನ್ನಡದ ದನಿ.

"ತುಮಿ ಥಾಕ್ಲೇ ನೋದೀಟಾ ಛೋಟೋ ಲಾಗೇ."

ನೀನಿದ್ದರೆ ನದಿ ಚಿಕ್ಕದೆನಿಸುತ್ತದೆ.

ಯಂತ್ರ ಅದನ್ನು ಚಹಾದ ಕೂಗನ್ನು ಓದಿದ ಹಾಗೆಯೇ ಓದಿತ್ತು, ಏರಿಳಿತವಿಲ್ಲದೆ. ಅವಳಿಗೆ ಹಾಗೆ ಓದಿದ್ದೇ ಒಳ್ಳೆಯದೆನಿಸಿತು. ಏರಿಳಿತವನ್ನು ತಾನೇ ಹಾಕಿಕೊಳ್ಳಬಹುದಿತ್ತು. ಧಾರವಾಡದ ನಾಲಗೆಯಲ್ಲಿ 'ಛೋಟೋ' ಹೇಗೆ ದಪ್ಪಗಾಗುತ್ತಿತ್ತು, 'ತುಮಿ' ಎನ್ನುವಾಗ ವಸಂತಾ ಹೇಗೆ ಗದ್ದ ಎತ್ತುತ್ತಿದ್ದಳು, ಎಲ್ಲ ಅವಳಲ್ಲಿ ಇತ್ತು. ಮತ್ತೆ ಕೇಳಿದಳು. ಕಾಣದ ಕಣ್ಣುಗಳಿಂದ ನೀರು ಸುರಿದು ಕೀಲಿಮಣೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಹೋದರೆ ಬೆರಳು ಯಾವುದೋ ಕೀಲಿಗೆ ತಾಗಿ ಪುಟದ ಮೊದಲಿನಿಂದ ಓದು ಶುರುವಾಯಿತು. ಓದಲಿ ಎಂದು ಬಿಟ್ಟಳು. ಆಮೇಲೆ, ಖಾಲಿ ಕೋಣೆಯಲ್ಲಿ, "ನನಗೂ ಹಾಗೆಯೇ ಇತ್ತು ವಸಂತಾ," ಎಂದು ಗಟ್ಟಿಯಾಗಿಯೇ ಹೇಳಿದಳು.

ಸಂಜೆ ನಿತೇಶನಿಗೆ ಫೋನ್ ಮಾಡಿ, "ಓದಿತು," ಎಂದಳು. ಲೇಖನವನ್ನು ಎಲ್ಲರಿಗೂ ತೆರೆಯುವುದಾ ಎಂದಷ್ಟೇ ಅವನು ಕೇಳಿದ. ಅದು ಪ್ರತೀಕ್ಷಾಳನ್ನು ಕೇಳಿಯೇ ಆಗಬೇಕು ಎಂದಳು ರತ್ನಾವತಿ, ತಾನೇ ಅವಳಿಗೆ ಫೋನ್ ಮಾಡಿದಳು. ಪ್ರತೀಕ್ಷಾ, "ಅಮ್ಮ ಎಷ್ಟೋ ಪೇಪರ್ಸ್ ಹರದು ಬಿಸಾಕ್ಯಾಳ ಆಂಟಿ. ಇದನ್ನ ಇಟ್ಟಾಳಂದ್ರ ಇಡ್ಲಿಕ್ಕೇ ಇಟ್ಟಾಳ. ಹಾಕ್ರಿ," ಎಂದಳು. ಹಾಕಿದರು. ಸಂಘದಲ್ಲಿ ನಾಲ್ಕೈದು ಜನ ಓದಿ ಚೆನ್ನಾಗಿದೆಯೆಂದರು. ಯಾರೂ ಹುಬ್ಬೇರಿಸಲಿಲ್ಲ. ಏರಿಸಬಹುದಾಗಿದ್ದವರೆಲ್ಲ ತೀರಿಕೊಂಡಿದ್ದರು.

ಉಳಿದ ಪುಟಗಳಿಗೂ ತಾನೇ ಗುರುತು ಹಾಕುವುದಾಗಿ ರತ್ನಾವತಿ ಹೇಳಿದಾಗ ನಿತೇಶ್ ಬೇಡವೆನ್ನಲಿಲ್ಲ. ಫೆಬ್ರವರಿಯಲ್ಲಿ ಅವನೇ ಫೋನ್ ಮಾಡಿ, ಹೊಸ ಟ್ಯಾಗಿನ ಕರಡು ಮತ್ತೆ ಬಂದಿದೆಯೆಂದೂ ಈ ಸಲ ಇಬ್ಬರು ಬ್ರೌಸರಿನವರು ತಾರೀಖು ಕೊಟ್ಟಿದ್ದಾರೆಂದೂ ಹೇಳಿದ. "ವೇಟ್ ಮಾಡಿದ್ರೆ ನಿಮ್ಗೆ ಇಷ್ಟು ಕಷ್ಟ ಇರೋದಿಲ್ಲ ಆಂಟಿ."

"ಬರಲಿ ಮಾರಾಯ. ಬಂದಾಗ ನೋಡುವ."

ಆಗ ಅವಳು ಎಂಬತ್ಮೂರರ ಒಂದು ಸಂಚಿಕೆಯಲ್ಲಿದ್ದಳು. ವಸಂತಾಗೆ ಅದರಲ್ಲಿ ಇಪ್ಪತ್ತೇಳು ವರ್ಷ. ಹೂಕೋಸಿನ ಬುಟ್ಟಿ ಹಿಡಿದು ತಪ್ಪು ಟ್ರಾಮ್ ಹತ್ತಿ, ಕಂಡಕ್ಟರನೊಂದಿಗೆ ಅರ್ಧ ಕನ್ನಡ ಅರ್ಧ ಬಂಗಾಳಿಯಲ್ಲಿ ಜಗಳಕ್ಕೆ ನಿಂತಿದ್ದಳು. ದಿನಕ್ಕೆ ಐದು ಪುಟ ಮಾಡಬಹುದಿತ್ತು. ರತ್ನಾವತಿ ಎರಡೇ ಮಾಡುತ್ತಿದ್ದಳು.